ಇನ್ನೂರ ನಲವತ್ತು ಕಪ್ಪು ಚೀಟಿಗಳು

ಲಡ್ಲೋ
ಮೇ 9, 1841

ಥರ್ಜಾ,

ನಿನ್ನ ಕಾಗದ ತಲುಪಿತು. ಎರಡು ವರ್ಷದ ಹಿಂದೆ ನೀನು ಬರೆದ ಮೂರು ಕಾಗದಗಳನ್ನು ನಾನು ಒಡೆಯದೆ ವಾಪಸು ಕಳಿಸಿದ್ದೆ. ಅದು ನಿನಗೂ ಗೊತ್ತು, ನನಗೂ ಗೊತ್ತು. ಆಗ ಕಾಗದ ಬಂದವನೇ ದುಡ್ಡು ಕೊಡಬೇಕಿತ್ತು. ಅಂಚೆಯವನು ಬಾಗಿಲಲ್ಲಿ ಕೈಚಾಚಿ ನಿಂತಿರುವಾಗ ‘ಬೇಡ, ತಗೊಂಡು ಹೋಗು’ ಅನ್ನುವುದು ಸುಲಭ. ಈಗ ನೀನೇ, ಲಕೋಟೆಯಿಲ್ಲದೆ ಮಡಿಸಿದ ಹಾಳೆಯ ಬೆನ್ನಿಗೆ, ಒಂದು ಪೆನ್ನಿಯ ಅಂಚೆಚೀಟಿ ಅಂಟಿಸಿ ಕಳಿಸಿದ್ದೀಯ. ಅವನು ಬಾಗಿಲ ಸಂದಿಯಲ್ಲಿ ತೂರಿಸಿ ನಡೆದುಬಿಟ್ಟ. ಬೇಡ ಅಂತ ಯಾರಿಗೆ ಹೇಳಲಿ?

ನಾನು ಬರೆಯುತ್ತಿರುವುದು ಆ ಚೀಟಿಯ ವಿಷಯಕ್ಕೆ. ಬೇರೆ ಏನೂ ಅಂದುಕೊಳ್ಳಬೇಡ.

ನಿಮ್ಮ ಬೆಟ್ಟದ ಅಂಚೆಮನೆಯಲ್ಲಿ ಇನ್ನೂ ಕಪ್ಪು ಚೀಟಿ ಮಾರುತ್ತಾರೆಂದು ಅದರಿಂದ ತಿಳಿಯಿತು. ಇಲ್ಲಿ ಈಗ ಬರೀ ಕೆಂಪು. ಕಪ್ಪು ಚೀಟಿ ಬಂದು ವರ್ಷ ತುಂಬುವ ಮೊದಲೇ ಹೋಯಿತು. ಅದರ ಕೆಳಗಿನ ಎರಡು ಮೂಲೆಯಲ್ಲಿ ಎರಡು ಪುಟ್ಟ ಅಕ್ಷರಗಳಿರುತ್ತವೆ, ನೋಡಿದ್ದೀಯಾ? ಅಚ್ಚಿನ ಮನೆಯಿಂದ ಬರುವ ದೊಡ್ಡ ಹಾಳೆಯಲ್ಲಿ ಇಪ್ಪತ್ತು ಸಾಲು, ಸಾಲಿಗೆ ಹನ್ನೆರಡು ಚೀಟಿ. ಒಂದರ ಅಕ್ಷರದ ಜೋಡಿ ಇನ್ನೊಂದಕ್ಕಿಲ್ಲ. ಜನ ಒಂದೊಂದಾಗಿ ಕತ್ತರಿಸಿ ಇಂಗ್ಲೆಂಡಿನ ತುಂಬ ಚದುರಿಸಿದ ಆ ಹಾಳೆಯನ್ನು ನಾನು ಮತ್ತೆ ಕೂಡಿಸುತ್ತಿದ್ದೇನೆ. ಹೋದ ಚಳಿಗಾಲದಲ್ಲಿ ಶುರು ಮಾಡಿದೆ. ಔಷಧದಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ದೊಡ್ಡ ರಟ್ಟು ನಿಲ್ಲಿಸಿ, ಇನ್ನೂರ ನಲವತ್ತು ಮನೆಗಳನ್ನು ಗೆರೆ ಎಳೆದಿದ್ದೇನೆ. ಇನ್ನೂರ ಹದಿನಾಲ್ಕು ತುಂಬಿವೆ.

ನಿನ್ನ ಡಾರ್ಕಸ್ ಅತ್ತೆಗೆ ಇದು ನಗೆಪಾಟಲು. ‘ಹೆಂಡ್ತಿ ಸತ್ತ ಮೇಲೆ ಗಂಡಸರು ಕುಡೀತಾರೆ, ಇಲ್ಲಾ ಇನ್ನೊಂದು ಮದ್ವೆ ಆಗ್ತಾರೆ. ನಮ್ಮಣ್ಣ ರಾಣಿ ತಲೆ ಅಂಟಿಸ್ತಾನೆ’ ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾಳೆ. ಪಾದ್ರಿಯ ಹೆಂಡತಿಯೂ ಚೀಟಿ ಕೂಡಿಸುತ್ತಾಳೆ, ಬೆಂಕಿಗೂಡಿನ ಮುಂದಿಡುವ ಮರೆಹಲಗೆಗೆ ಅಂಟಿಸಲು. ಅಕ್ಷರವನ್ನೇ ನೋಡುವುದಿಲ್ಲ. ಅದಕ್ಕೂ ಇದಕ್ಕೂ ಅಜಗಜಾಂತರ.

ನಿಮ್ಮ ರೈಲು ಸುರಂಗದ ಗುತ್ತಿಗೆದಾರರ ಕಚೇರಿಗೆ ದಿನವೂ ಕಾಗದಗಳು ಬರುತ್ತವೆಯಷ್ಟೆ. ಹಳೆಯವನ್ನು ಎಸೆಯುವ ಮೊದಲು ಕೇಳಿ ನೋಡು. ನನಗೆ ಬೇಕಾದ ಅಕ್ಷರಗಳನ್ನು ಕೆಳಗೆ ಪಟ್ಟಿ ಮಾಡಿದ್ದೇನೆ.

ನಿನ್ನ ತಂದೆ,
ಅಮೋಸ್ ಪಾರ್ಡೋ


ರೇವನ್ ಗುಡ್ಡದ ಸುರಂಗ
ಮೇ 30, 1841

ಅಪ್ಪನಿಗೆ,

ಬೇರೆ ಏನೂ ಅಂದುಕೊಂಡಿಲ್ಲ. ಆದರೂ ನಿಮ್ಮ ಅಕ್ಷರ ಕಂಡದ್ದೇ ಒಲೆಯ ಮೇಲಿದ್ದ ಗಂಜಿ ಮರೆತೆ, ಅದು ತಳ ಹಿಡಿಯಿತು. ನಮ್ಮ ಗುಡಿಸಲಿನಲ್ಲಿ ಊಟಕ್ಕಿರುವ ಎಂಟು ಜನ ಕೂಲಿಯವರೂ ಅವತ್ತು ಸೀದ ಗಂಜಿ ಉಂಡರು. ಯಾರೂ ಬೈಯಲಿಲ್ಲ. ‘ಅಪ್ಪನ ಕಾಗ್ದ ಬಂದೈತಂತೆ, ಸುಮ್ನೆ ಉಣ್ರೋ’ ಅಂತ ಅವರಲ್ಲೇ ಒಬ್ಬ ಗದರಿದ.

ಕಚೇರಿಯ ಗುಮಾಸ್ತನನ್ನು ಹೋಗಿ ಕೇಳಿದೆ. ‘ಹಳೇ ಕಾಗ್ದ ಯಾಕಮ್ಮಾ ನಿಂಗೆ, ಉಪ್ಪು ಹಾಕ್ಕೊಂಡು ತಿಂತೀಯಾ?’ ಅಂದ. ನಮ್ಮಪ್ಪ ತಿನ್ನುತ್ತಾರೆ ಅಂದೆ. ಅವನ ಎರಡು ಜೊತೆ ಕಾಲುಚೀಲ ಹೊಲಿದುಕೊಟ್ಟ ಮೇಲೆ ಒಂದು ಕಟ್ಟು ಕೊಟ್ಟ. ಇನ್ನೂರಕ್ಕೂ ಮಿಕ್ಕಿದ ಕಾಗದಗಳನ್ನು ಕಿಟಕಿಯ ಹತ್ತಿರ ಕೂತು ಒಂದೊಂದಾಗಿ ನೋಡಿದೆ. ನಿಮ್ಮ ಪಟ್ಟಿಯ ಒಂಬತ್ತು ಸಿಕ್ಕವು. ರೂಬೆನ್ ಸುರಂಗದಿಂದ ಇಟ್ಟಿಗೆ ಕೆಲಸ ಮುಗಿಸಿ ಬಂದವನು, ಕೈ ತೊಳೆದು, ಕಣ್ಣು ಕಿರಿದು ಮಾಡಿ ತಾನೂ ನೋಡಿದ. ಅದರಲ್ಲಿ ಎರಡು ಅವನು ಹುಡುಕಿದ್ದು. ಯಾವ ಎರಡು ಅಂತ ಹೇಳುವುದಿಲ್ಲ, ನೀವು ಅವನ್ನು ಎಸೆದುಬಿಟ್ಟೀರಿ.

ನಿಮ್ಮ ಕೋಪ ನನಗೆ ಹೊಸದಲ್ಲ ಅಪ್ಪ. ನಮ್ಮ ಹೊಗೆಗೂಡು ಕಟ್ಟಲು ಬಂದ ರೂಬೆನ್ ಜೊತೆ ಹೊರಟೆನಲ್ಲ, ಅದಕ್ಕೆ ನೀವು ಅಂದ ಮಾತು ನನಗೆ ಬಾಯಿಪಾಠ ಆಗಿದೆ. ಈಗ ಅದನ್ನು ಎತ್ತುವುದಿಲ್ಲ. ಚಳಿಗಾಲದಲ್ಲಿ ಶುರುವಾಯಿತಂತಲ್ಲ, ನಿಮ್ಮ [ಇಲ್ಲಿ ಹಾಳೆ ಕತ್ತರಿಸಿದೆ] ಈಗ ಹೇಗಿದೆ? ಅದೊಂದನ್ನು ಮರೆಯದೆ ಬರೆಯಿರಿ.

ಅತ್ತೆಗೆ ನನ್ನ ಮುತ್ತು.

ನಿಮ್ಮ ಮಗಳು,
ಥರ್ಜಾ


ಲಡ್ಲೋ
ಜೂನ್ 20, 1841

ಥರ್ಜಾ,

ಒಂಬತ್ತೂ ಚೆನ್ನಾಗಿವೆ. ಒಂದಕ್ಕೂ ಅಂಚು ಹರಿದಿಲ್ಲ. ಅಂಚೆಯ ಶಿಲುಬೆ ಮುದ್ರೆ ಕೆಂಪಾಗಿ, ಸ್ಪಷ್ಟವಾಗಿ ಬಿದ್ದಿದೆ. ಯಾವ ಎರಡು ಯಾರು ಹುಡುಕಿದ್ದೆಂದು ಕೇಳುವುದಿಲ್ಲ.

ಚಳಿಗಾಲದಲ್ಲಿ ಶುರು ಮಾಡಿದ ನನ್ನ ಹಾಳೆ ಹೇಗಿದೆ ಎಂದು ಕೇಳಿದ್ದೀಯ. ನಿನ್ನ ಕಾಗದದ್ದೂ ಸೇರಿ ಇನ್ನೂರ ಇಪ್ಪತ್ತನಾಲ್ಕು ಆಯಿತು. ಹಿಂದಿನ ಕೋಣೆಯಲ್ಲಿ ಔಷಧದ ಆವಿ ಹೆಚ್ಚು, ಚೀಟಿಗೆ ಆಗದು. ಅದಕ್ಕೇ ರಟ್ಟನ್ನು ಮಹಡಿಯ ಮೇಲೆ ನಿನ್ನ ಕೋಣೆಗೆ ಸಾಗಿಸಿದ್ದೇನೆ. ಒಣಗಲು ಇಟ್ಟ ಕಾಗದ, ಅಂಟಿನ ಮಡಕೆ, ಭಾರದ ಕಲ್ಲು ಎಲ್ಲ ನಿನ್ನ ಮಂಚದ ಮೇಲಿವೆ. ಅಲ್ಲಿ ಬೆಳಕು ಒಳ್ಳೆಯದು. ಸುಮ್ಮನೆ ಬೀಗ ಹಾಕಿಟ್ಟಿದ್ದೆ, ಈಗಲಾದರೂ ಉಪಯೋಗಕ್ಕೆ ಬಂತು.

ನೀನು ಕಾಗದವನ್ನು ಮಡಿಸುವಾಗ ಮೇಣವನ್ನು ಚೀಟಿಯಿಂದ ದೂರ ಹಾಕು. ಮೇಣ ತಾಗಿದರೆ ಕಪ್ಪು ಮಂಕಾಗುತ್ತದೆ.

ನಿನ್ನ ತಂದೆ,
ಅಮೋಸ್ ಪಾರ್ಡೋ


ರೇವನ್ ಗುಡ್ಡದ ಸುರಂಗ
ಜುಲೈ 18, 1841

ಅಪ್ಪನಿಗೆ,

ಈ ಕಾಗದವನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಒಲೆಗೆ ಹಾಕಿದೆ. ಇದು ಐದನೆಯದು. ಹಾಳೆ ಮುಗಿಯುತ್ತ ಬಂತು, ಇನ್ನು ಒಲೆಗೆ ಹಾಕುವ ಹಾಗಿಲ್ಲ.

ನನಗೆ ಅಕ್ಟೋಬರಿನಲ್ಲಿ ಮಗುವಾಗುತ್ತದೆ.

ನೀವು ಓದುತ್ತ ಕನ್ನಡಕ ತೆಗೆದು ಒರೆಸಿಕೊಂಡಿರಿ ಅಂತ ನನಗೆ ಇಲ್ಲಿಂದಲೇ ಗೊತ್ತು. ಒರೆಸಿಕೊಳ್ಳಿ. ನಾನು ಚೆನ್ನಾಗಿದ್ದೇನೆ. ಕಾಲು ಊದುತ್ತವೆ, ಅಷ್ಟೇ. ಇಲ್ಲಿ ಹೆಂಗಸರು ಏಳು ಜನ ಇದ್ದೆವು. ಏಪ್ರಿಲಿನಲ್ಲಿ ಪಕ್ಕದ ಗುಡಿಸಲಿನವಳು ಹೆರಿಗೆಯಲ್ಲಿ ಹೋದಳು. ಡಾಕ್ಟರು ಇರುವುದು ಒಂಬತ್ತು ಮೈಲಿ ಆಚೆ. ಕುದುರೆಯ ಮೇಲೆ ಬಂದಾಗ ಅವರು ಕುದುರೆಗಿಂತ ಹೆಚ್ಚು ಓಲಾಡುತ್ತಿದ್ದರು. ರೂಬೆನ್ ಅವಳ ಗೋಡೆಯ ಸಂದಿಗಳನ್ನೆಲ್ಲ ಆಮೇಲೆ ಗಾರೆ ಹಾಕಿ ಮುಚ್ಚಿಕೊಟ್ಟ. ಈಗ ನಮ್ಮದನ್ನು ಮುಚ್ಚುತ್ತಿದ್ದಾನೆ. ದಿನಕ್ಕೆ ಎರಡು ಸಲ ಅದೇ ಗೋಡೆ ಮುಟ್ಟಿ ನೋಡುತ್ತಾನೆ.

ಅಮ್ಮ ಇದ್ದಿದ್ದರೆ ಅಂತ ಬರೆಯಬಾರದು ಅಂದುಕೊಂಡಿದ್ದೆ. ಬರೆದುಬಿಟ್ಟೆ.

ನಿಮ್ಮ ಮಗಳು,
ಥರ್ಜಾ

[ಮೂರನೆಯ ಪುಟ ಖಾಲಿ. ಅದರ ಮೇಲಿನ ಮೂಲೆ, ಮೂರು ಬೆರಳಗಲ, ಕತ್ತರಿಸಿ ತೆಗೆದಿದೆ.]


ಲಡ್ಲೋ
ಆಗಸ್ಟ್ 8, 1841

ಥರ್ಜಾ,

ಸುದ್ದಿ ಓದಿದೆ. ಡಾರ್ಕಸ್‌ಗೂ ಓದಿ ಹೇಳಿದೆ. ಅವಳು ಎದ್ದು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಜೋರಾಗಿ ತೊಳೆದಳು. ಅವಳು ಅಳುವ ಬಗೆ ಅದು, ನಿನಗೆ ಗೊತ್ತು.

ಈ ಕಾಗದದ ಜೊತೆ ರಾಸ್ಪ್‌ಬೆರಿ ಎಲೆಯ ಪುಡಿ ಕಳಿಸಿದ್ದೇನೆ. ಎಂಟನೆಯ ತಿಂಗಳಿನಿಂದ ದಿನಕ್ಕೆರಡು ಲೋಟ ಕಷಾಯ ಕುಡಿ. ಕಾಲಿನ ಊತಕ್ಕೆ ಉಪ್ಪು ಕಡಿಮೆ ಮಾಡು. ಔಷಧ ಬೇರೆ ಏನು ಬೇಕಿದ್ದರೂ ಸಂಕೋಚ ಪಡದೆ ಬರೆ. ಅಂಗಡಿ ಇರುವುದು ಯಾಕೆ?

ನಿನ್ನ ಕಾಗದದ ಮೇಲಿದ್ದ ಚೀಟಿ ಎಂ-ಸಿ. ಹದಿಮೂರನೆಯ ಸಾಲು ಅದರಿಂದ ಪೂರ್ತಿಯಾಯಿತು. ಅದೊಂದು ಸಿಕ್ಕುವುದೇ ಇಲ್ಲವೆಂದು ಕೈಬಿಟ್ಟಿದ್ದೆ. ಹನ್ನೆರಡೂ ಒಂದರ ಪಕ್ಕ ಒಂದು ನಿಂತದ್ದನ್ನು ನೋಡಿ ಅಂಗಡಿಯ ಗಂಟೆ ಹೊಡೆದದ್ದೂ ನನಗೆ ಕೇಳಿಸಲಿಲ್ಲ.

ನಿನ್ನ ತಂದೆ,
ಅಮೋಸ್ ಪಾರ್ಡೋ


ರೇವನ್ ಗುಡ್ಡದ ಸುರಂಗ
ಆಗಸ್ಟ್ 29, 1841

ಅಪ್ಪನಿಗೆ,

ಪುಡಿ ಬಂತು. ಸಾಲು ಪೂರ್ತಿಯಾದದ್ದಕ್ಕೆ ಸಂತೋಷ. [ಇಲ್ಲಿ ಹಾಳೆ ಕತ್ತರಿಸಿದೆ]

ತಿಳಿಯಿತು. ಇನ್ನು ಕೇಳುವುದಿಲ್ಲ.

ಥರ್ಜಾ


ಲಡ್ಲೋ
ಅಕ್ಟೋಬರ್ 24, 1841

ಥರ್ಜಾ,

ಎಂಟು ವಾರವಾಯಿತು. ಇನ್ನು ಕೇಳುವುದಿಲ್ಲ ಎಂದು ಬರೆದಿದ್ದೀಯ. ಏನನ್ನು? ಗುಮಾಸ್ತನನ್ನು ಕಾಗದ ಕೇಳುವುದಿಲ್ಲವೆಂದೇ? ಅವನು ಏನಾದರೂ ಅಂದನೇ? ಹಾಗಿದ್ದರೆ ಬಿಟ್ಟುಬಿಡು, ಚೀಟಿ ಬೇಡ.

ತಿಂಗಳು ತುಂಬಿರಬೇಕು. ಒಂದು ಸಾಲು ಬರೆ. ಬರೆಯಲಾಗದಿದ್ದರೆ ಖಾಲಿ ಹಾಳೆ ಮಡಿಸಿ ಕಳಿಸು, ನೀನು ಇದ್ದೀಯ ಎಂದು ತಿಳಿದರೆ ಸಾಕು.

ಶ್ರೂಸ್‌ಬರಿಯಿಂದ ಒಬ್ಬ ದೊಡ್ಡ ಮನುಷ್ಯರು ಹಾಳೆ ನೋಡಲು ಬಂದಿದ್ದರು. ಅರ್ಧ ಗಂಟೆ ನಿಂತೇ ನೋಡಿದರು. ‘ಇಂಥದ್ದು ಇನ್ನೊಂದು ಇರಲಾರದು, ಪಾರ್ಡೋ’ ಅಂದರು. ಅವರು ಹೋದ ಮೇಲೆ ಡಾರ್ಕಸ್ ಕೇಳಿದಳು: ‘ಅದರಲ್ಲಿ ಮೂವತ್ತು ಮನೆ ಖಾಲಿ ಇದ್ದಾಗ ನಿದ್ದೆಗೆಟ್ಟೆ. ಈ ಮನೆ ಖಾಲಿ ಇರೋದು ನಿನಗೆ ಕಾಣಲ್ವಾ?’

ನಿನ್ನ ತಂದೆ,
ಅಮೋಸ್


ಲಡ್ಲೋ
ಡಿಸೆಂಬರ್ 12, 1841

ಥರ್ಜಾ,

ಅಕ್ಟೋಬರಿನಿಂದ ನಾನು ಬರೆಯುತ್ತಿರುವ ನಾಲ್ಕನೆಯ ಕಾಗದ ಇದು. ಒಂದೂ ವಾಪಸು ಬಂದಿಲ್ಲ, ಒಂದಕ್ಕೂ ಉತ್ತರವಿಲ್ಲ. ಬದುಕಿದ್ದೀಯ ಎಂದು ನಿಮ್ಮ ಕಡೆಯಿಂದ ಬಂದ ಸಾಗಣೆಯ ಗಾಡಿಯವನು ಹೇಳಿದ. ಮಗುವೂ ಇದೆಯಂತೆ. ಗಂಡೋ ಹೆಣ್ಣೋ ಅವನಿಗೆ ಗೊತ್ತಿಲ್ಲ. ‘ಬಟ್ಟೇಲಿ ಸುತ್ತಿತ್ತು ಸ್ವಾಮಿ, ಮೂಗು ಮಾತ್ರ ಕಂಡಿದ್ದು’ ಅಂದ.

ನೀನು ಬರೆದ ನಾಲ್ಕು ಕಾಗದಗಳನ್ನೇ ತಿರುಗಿ ತಿರುಗಿ ಓದುತ್ತೇನೆ. ಕಾಗದ ಬಂದ ಕೂಡಲೇ ಒಡೆದು ಓದುವ ಧೈರ್ಯ ನನಗೆ ಯಾವತ್ತೂ ಆಗಲಿಲ್ಲ. ಮೊದಲು ಕತ್ತರಿ ತೆಗೆದುಕೊಂಡು ಚೀಟಿಯನ್ನು ಸುತ್ತಲ ಕಾಗದ ಸಮೇತ ಕತ್ತರಿಸಿ, ರಟ್ಟಿಗೆ ಅಂಟಿಸಿ, ಕೈ ತೊಳೆದುಕೊಂಡು, ಎದೆ ತಹಬಂದಿಗೆ ಬಂದ ಮೇಲೆ ಉಳಿದದ್ದನ್ನು ಓದುತ್ತಿದ್ದೆ. ಹಾಗಾಗಿ ನಿನ್ನ ಎಲ್ಲ ಕಾಗದಕ್ಕೂ ಒಂದೊಂದು ತೂತು. ಅಲ್ಲಿದ್ದ ಮಾತನ್ನು ನಾನೇ ಊಹಿಸಿ ತುಂಬಿಕೊಳ್ಳುತ್ತೇನೆ. ಈಗ ಆ ತೂತುಗಳಲ್ಲಿ ಬೆರಳಿಟ್ಟುಕೊಂಡು ಕೂರುತ್ತೇನೆ.

ನಾನು ಏನು ತಪ್ಪು ಬರೆದೆ, ಹೇಳು. ನನಗೆ ನಿನ್ನ ನೆನಪು ತಡೆಯಲಾಗುವುದಿಲ್ಲ.

ಅಪ್ಪ


ರೇವನ್ ಗುಡ್ಡ
ಜನವರಿ 16, 1842

ಮಾವನವರಿಗೆ,

ನಾನು ರೂಬೆನ್ ಹೌಲ್ಟ್. ನನ್ನ ಕೈಬರಹ ನೀವು ನೋಡಿಲ್ಲ, ನಾನೂ ಜಾಸ್ತಿ ನೋಡಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳಿ.

ನಿಮ್ಮ ಕಾಗ್ದಗಳನ್ನ ಥರ್ಜಾ ಒಡೀಲಿಲ್ಲ. ಹಾಗೇ ಹಿಟ್ಟಿನ ಡಬ್ಬಿ ಹಿಂದೆ ತುರುಕಿದ್ಲು. ನಿನ್ನೆ ಅವಳು ನೀರಿಗೆ ಹೋದಾಗ ನಾನು ಕೊನೇದನ್ನ ಒಡೆದೆ. ಒಲೆಗೆ ಹಾಕೋಣ ಅಂತಾನೇ ತೆಗ್ದಿದ್ದು, ನಿಜ ಹೇಳ್ತೀನಿ. ಅದರಲ್ಲಿ ಕತ್ತರಿ ವಿಷಯ ಓದಿದೆ. ಎರಡು ಸಲ ಓದಿದೆ.

ಮಾವ, ಜುಲೈ ತಿಂಗಳ ಕಾಗ್ದದಲ್ಲಿ ಮೂರನೇ ಪುಟದ ಮೂಲೇಲಿ ಅವಳು ಒಂದು ಮಾತು ಬರೆದಿದ್ಲು. ಬರೆಯೋವಾಗ ನಾನು ಪಕ್ಕದಲ್ಲೇ ಕೂತಿದ್ದೆ. ‘ಇಷ್ಟು ಖಾಲಿ ಹಾಳೆ ಇಟ್ಕೊಂಡು ಇರುವೆ ಥರ ಮೂಲೇಲಿ ಯಾಕೆ ಬರೀತೀಯೆ?’ ಅಂದೆ. ‘ಕಣ್ಣಿಗೆ ಬಿದ್ರೆ ಬೀಳ್ಲಿ. ಇಷ್ಟ ಇಲ್ಲ ಅಂದ್ರೆ ಕಾಣ್ಲೇ ಇಲ್ಲ ಅಂತ ಸುಮ್ನಿರ್ಲಿ. ಅಪ್ಪನಿಗೆ ಬೇಡ ಅನ್ನೋ ಕಷ್ಟ ಬೇಡ’ ಅಂದ್ಲು. ಅದು ಚೀಟಿ ಬೆನ್ನಿಗೇ ಬಂತು ಅಂತ ಕಾಣ್ಸುತ್ತೆ. ಅದು ಏನು ಅಂತ ನಾನು ಬರೆಯಲ್ಲ. ಅವಳ ಕೈಬರಹದಲ್ಲಿ ಇರೋದನ್ನೇ ಓದಿ.

ಇನ್ನು ಕೇಳಲ್ಲ ಅಂತ ಬರೆದ ಮೇಲೂ ಸೆಪ್ಟೆಂಬರ್ ಪೂರಾ ಅವಳು ಪೆಟ್ಟಿಗೆ ಕಟ್ಟಿ ಇಟ್ಕೊಂಡಿದ್ಲು. ತುಂಬಿದ ಹೊಟ್ಟೇಲಿ ದಿನಾ ಗುಡ್ಡ ಇಳಿದು ಅಂಚೆಮನೆಗೆ ಹೋಗೋಳು. ನಾನು ಹೋಗ್ತೀನಿ ಅಂದ್ರೆ ಬಿಡಲಿಲ್ಲ. ಮಗು ಅಕ್ಟೋಬರ್ ಒಂದಕ್ಕೆ ದಾರೀಲಿ ಶುರುವಾಗಿ ಗುಡಿಸಲಲ್ಲಿ ಹುಟ್ತು. ಹೆಣ್ಣು. ಆಮೇಲೆ ಥರ್ಜಾಗೆ ಆರು ವಾರ ಜ್ವರ. ಕೂದಲು ಉದುರಿತು, ಹಾಲು ಬತ್ತಿತು. ಮೇಕೆ ಹಾಲಲ್ಲಿ ಮಗು ಉಳ್ಕೊಂಡಿದೆ. ಈಗ ಇಬ್ಬರೂ ಪರವಾಗಿಲ್ಲ.

ನಿಮ್ಮನ್ನ ಕಂಡ್ರೆ ನನಗೆ ಅಷ್ಟಕ್ಕಷ್ಟೇ. ನಿಮಗೂ ಹಾಗೇ. ಆದರೆ ಮಾಡದ ತಪ್ಪಿಗೆ ಬೈಸ್ಕೊಳ್ಳೋದು ಏನು ಅಂತ ಇಟ್ಟಿಗೆ ಕೆಲಸದವನಿಗೆ ಚೆನ್ನಾಗಿ ಗೊತ್ತು. ಅದಕ್ಕೆ ಬರೆದೆ.

ರೂಬೆನ್ ಹೌಲ್ಟ್


ಲಡ್ಲೋ
ಜನವರಿ 23, 1842

ಥರ್ಜಾ, ಮಗಳೇ,

ಈ ಕಾಗದವನ್ನು ರೂಬೆನ್‌ನ ಹೆಸರಿಗೆ ಕಳಿಸುತ್ತಿದ್ದೇನೆ. ಒಡೆದು ನಿನ್ನ ಕೈಗೆ ಕೊಡುತ್ತಾನೆಂದು ನಂಬಿದ್ದೇನೆ. ಅವನನ್ನು ನಂಬಿದ್ದೇನೆ ಎಂದು ಬರೆಯುವ ದಿನ ಬಂತು, ನೋಡು.

ಚೀಟಿಗಳನ್ನು ನಾನು ಅಂಟಿಸಿದ್ದು ಮೀನಿನ ಗೋಂದಿನಲ್ಲಿ. ಯಾರೂ ಕೀಳಬಾರದೆಂದೇ ಆ ಗೋಂದು ಕುದಿಸಿದ್ದೆ. ಎಂ-ಸಿ ಎಲ್ಲಿದೆ ಎಂದು ಗೊತ್ತಿತ್ತು. ಬಿಸಿ ನೀರಿನ ಬಟ್ಟೆ ಒತ್ತಿ ಒತ್ತಿ, ಒಂದು ಗಂಟೆ ಬಿಟ್ಟು ಎಬ್ಬಿಸಿದೆ. ತಿರುಗಿಸಿ ಗಾಜಿನ ಮೇಲೆ ಇಟ್ಟೆ. ನಿನ್ನ ಮಸಿ ಹಾಗೇ ಇತ್ತು.

‘ಅಪ್ಪ, ಹೆರಿಗೆಗೆ ಮನೆಗೆ ಬರಲಾ? ಬೇಡವಾದರೆ ಏನೂ ಬರೆಯಬೇಡಿ, ನನಗೆ ಅರ್ಥವಾಗುತ್ತದೆ.’

ನಾನು ಏನೂ ಬರೆಯಲಿಲ್ಲ. ಹದಿಮೂರನೆಯ ಸಾಲಿನ ವಿಷಯ ಬರೆದೆ.

ಆಮೇಲೆ ಉಳಿದ ಮೂರು ಕಾಗದದ ತೂತುಗಳಲ್ಲಿ ಏನಿತ್ತೋ ಎಂದು ಜೀವ ಹಾರಿತು. ಆ ಚೀಟಿಗಳು ಯಾವುವೆಂದು ಗುರುತೇ ಇರಲಿಲ್ಲ. ಯಾವ ಅಕ್ಷರ ಎಂದು ಬರೆದಿಟ್ಟಿದ್ದೆ, ಯಾರ ಕಾಗದದ್ದು ಎಂದು ಬರೆದಿಡಲಿಲ್ಲ. ಮಗಳದ್ದೂ ಒಂದೇ, ಕಲ್ಲಿದ್ದಲಿನ ವ್ಯಾಪಾರಿಯದ್ದೂ ಒಂದೇ ಆಗಿತ್ತು ನನಗೆ. ಡಾರ್ಕಸ್‌ಳನ್ನು ಕರೆದೆ. ಇಬ್ಬರೂ ರಟ್ಟನ್ನು ಇಳಿಸಿ, ಬಟ್ಟೆ ಕುದಿಸುವ ಹಂಡೆಗೆ ಹಾಕಿದೆವು. ‘ಅಣ್ಣಾ, ಇನ್ನೊಂದ್ಸಲ ಯೋಚ್ನೆ ಮಾಡು’ ಅಂದಳು, ಒಂದು ವರ್ಷದಿಂದ ಅದನ್ನು ಒಲೆಗೆ ಹಾಕು ಅನ್ನುತ್ತಿದ್ದವಳು. ಇನ್ನೂರ ಮೂವತ್ತಾರು ಚೀಟಿ ಎದ್ದು ನೀರಿನ ಮೇಲೆ ತೇಲಿದವು. ಕೆಂಪು ಮುದ್ರೆ ಕರಗಿ ನೀರೆಲ್ಲ ಕೆಂಪಾಯಿತು. ಅರ್ಧಕ್ಕರ್ಧ ಹರಿದವು. ಒಂದೊಂದನ್ನೇ ಮಗುಚಿ ನಿನ್ನ ಅಕ್ಷರ ಹುಡುಕಿದೆವು.

ಏಪ್ರಿಲಿನ ಕಾಗದದ ಹಿಂದೆ ‘ಅಡುಗೆಮನೆಯ ಕಿಟಕಿ ನೆನಪಾಗುತ್ತದೆ’ ಎಂದಿತ್ತು. ಮೇ ತಿಂಗಳಿನದರಲ್ಲಿ ‘ಕೆಮ್ಮು’ ಎಂದಿತ್ತು. ನೀನು ಕೇಳಿದ್ದು ನನ್ನ ಕೆಮ್ಮನ್ನು. ನಾನು ಚೀಟಿಯ ಲೆಕ್ಕ ಒಪ್ಪಿಸಿದೆ. ಆಗಸ್ಟಿನದರಲ್ಲಿ ಒಂದು ಸಾಲು ಬರೆದು ಹೊಡೆದು ಹಾಕಿದ್ದೀಯ, ಓದಲಾಗಲಿಲ್ಲ.

ಆಗಸ್ಟ್ ಇಡೀ ನೀನು ಬರಲೇ ಎಂದು ಕೇಳುತ್ತೀಯೆಂದು ಕಾದೆ. ಕೇಳಿದರೆ ಆ ಕ್ಷಣ ಗಾಡಿ ಕಳಿಸುವುದೆಂದು ಡಾರ್ಕಸ್‌ಗೆ ಹೇಳಿಯೂ ಇದ್ದೆ. ಈಗ ಬಾ. ಮಂಚ ಖಾಲಿ ಮಾಡಿದ್ದೇನೆ. ನೀನೂ ಮಗುವೂ ಬನ್ನಿ, ಅವನೂ ಬರಲಿ.

ಅಪ್ಪ


ರೇವನ್ ಗುಡ್ಡದ ಸುರಂಗ
ಫೆಬ್ರವರಿ 20, 1842

ಅಪ್ಪ,

ಓದಿದೆ. ರೂಬೆನ್ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ, ಆಮೇಲೆ ನಿಮ್ಮ ಎಲ್ಲ ಕಾಗದಗಳನ್ನೂ ತೆಗೆದು ಓದಿದೆ.

ನೀವು ಕಲ್ಲಲ್ಲ, ಬರೀ ಕತ್ತರಿ ಹಿಡಿದ ಮುದುಕ ಅಂತ ಈಗ ತಿಳಿಯಿತು. ಅದರಿಂದ ನನಗೆ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಜ್ವರದಲ್ಲಿ ನಾನು ಎದ್ದು ಕೂತದ್ದೇ ನಿಮ್ಮ ಮೇಲಿನ ಸಿಟ್ಟಿನಿಂದ. ಅಪ್ಪನಿಗೆ ಬೇಡವಾದ ಮಗಳು ಬದುಕಿ ತೋರಿಸುತ್ತಾಳೆ ಅಂತ ಮೇಕೆ ಹಾಲು ಕಾಯಿಸಿದೆ. ಈಗ ನೀವು ಓದೇ ಇರಲಿಲ್ಲ ಅಂದರೆ ಆ ಸಿಟ್ಟನ್ನು ಎಲ್ಲಿಡಲಿ?

ಇನ್ನೊಂದು ಮಾತು. ಮೂಲೆಯದನ್ನು ನೀವು ಓದಲಿಲ್ಲ, ಸರಿ. ಮಿಕ್ಕಿದ್ದನ್ನು ಓದಿದಿರಲ್ಲ. ಮಗು ಬರುತ್ತದೆ ಅಂತ ಓದಿದಿರಿ. ಪಕ್ಕದವಳು ಸತ್ತಳು ಅಂತ ಓದಿದಿರಿ. ಅಮ್ಮ ಇದ್ದಿದ್ದರೆ ಅಂತ ಓದಿದಿರಿ. ಅಷ್ಟು ಓದಿದ ಮೇಲೂ ನಾನು ಕೇಳಬೇಕಿತ್ತೇ? ಕೇಳಲಿ ಅಂತ ಕಾದಿರಂತೆ. ಅಂಗಡಿಗೆ ಬರುವ ಗಿರಾಕಿಯೇ ನಾನು?

ಲಡ್ಲೋಗೆ ಬರುವುದಿಲ್ಲ. ಬೇಕಿದ್ದಾಗ ಬೇಕಿತ್ತು.

ನಿಮ್ಮ ಹಾಳೆ ಹೋಯಿತೆಂದು ಓದಿ ಅಳು ಬಂತು. ಯಾಕೋ ಗೊತ್ತಿಲ್ಲ, ನನಗೆ ಆ ಚೀಟಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಮಗುವಿನ ಹೆಸರು ಏನೆಂದು ನೀವು ಕೇಳಿಲ್ಲ. ನಾನೂ ಬರೆಯುವುದಿಲ್ಲ. ಅದು ಕಾಗದದಲ್ಲಿ ಬರೆಯುವಂಥದ್ದಲ್ಲ.

ಥರ್ಜಾ


ರೇವನ್ ಗುಡ್ಡದ ಸುರಂಗ
ಏಪ್ರಿಲ್ 10, 1842

ಡಾರ್ಕಸ್,

ನಾನು ಈ ತಿಂಗಳು ಲಡ್ಲೋಗೆ ವಾಪಸು ಬರುವುದಿಲ್ಲ. ಅಂಗಡಿಗೆ ಬೀಗ ಹಾಕಿಯೇ ಇರಲಿ. ಜನ ಸ್ವಲ್ಪ ದಿನ ಔಷಧವಿಲ್ಲದೆ ಕೆಮ್ಮಲಿ. ಒಣಗಿ ಉಳಿದ ಚೀಟಿಗಳನ್ನು ಪಾದ್ರಿಯ ಹೆಂಡತಿಗೆ ಕೊಟ್ಟುಬಿಡು. ಎರಡು ಗಜ ಫ್ಲಾನೆಲ್ ಬಟ್ಟೆ, ಸಾಬೂನು, ಅಡುಗೆಮನೆಯಲ್ಲಿರುವ ಸಣ್ಣ ಹಿತ್ತಾಳೆ ಪಾತ್ರೆ, ಇಷ್ಟನ್ನು ಗಾಡಿಯವನ ಕೈಲಿ ಕಳಿಸು.

ನಾನು ಹೇಗಿದ್ದೇನೆ ಎಂದು ಬರೆಯಲಿಲ್ಲವೆಂದು ಬೈದಿದ್ದೀಯ. ಬರೆಯಲು ಏನೂ ಇರಲಿಲ್ಲ. ಬಂದ ದಿನ ಮಳೆಯಲ್ಲಿ ನೆನೆದು ಬಾಗಿಲಲ್ಲಿ ನಿಂತೆ. ಥರ್ಜಾ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ತಲೆಗೆ ಬಟ್ಟೆ ಕಟ್ಟಿದ್ದಳು, ಕೂದಲು ಈಗ ಬೆರಳಗಲ ಬಂದಿದೆ. ‘ಮಗುವಿನ ಹೆಸರೇನಮ್ಮಾ?’ ಅಂದೆ. ದಾರಿಯುದ್ದಕ್ಕೂ ಅದೊಂದೇ ಮಾತನ್ನು ಬಾಯಲ್ಲಿಟ್ಟುಕೊಂಡು ಬಂದಿದ್ದೆ. ‘ಬೂಟು ಒರೆಸ್ಕೊಂಡು ಬನ್ನಿ’ ಅಂದಳು. ಮೂರು ವಾರ ಅಷ್ಟೇ. ಊಟಕ್ಕೆ ಕರೆಯುತ್ತಾಳೆ, ತಟ್ಟೆ ಇಡುತ್ತಾಳೆ, ಮುಖ ನೋಡುವುದಿಲ್ಲ. ಮಗುವನ್ನು ಯಾವಾಗಲೂ ಬೆನ್ನಿಗೆ ಕಟ್ಟಿಕೊಂಡೇ ಇರುತ್ತಾಳೆ. ನಾನು ಹತ್ತಿರ ಹೋದರೆ ಆ ಕಡೆ ತಿರುಗುತ್ತಾಳೆ. ನನ್ನ ಎದುರಿಗೆ ಹೆಸರು ಹಿಡಿದು ಕರೆಯುವುದಿಲ್ಲ, ‘ಇವಳು’ ಅನ್ನುತ್ತಾಳೆ. ರೂಬೆನ್‌ಗೂ ಕಟ್ಟಪ್ಪಣೆಯಾಗಿರಬೇಕು, ಅವನೂ ‘ಇವಳು’ ಅನ್ನುತ್ತಾನೆ.

ನಾನು ಮಲಗುವುದು ಕೂಲಿಯವರ ಜೊತೆ, ಅಟ್ಟಣೆಯ ಮೇಲೆ. ಅವರ ಕೈಗಾಯಗಳಿಗೆ ಮುಲಾಮು ಹಚ್ಚುತ್ತೇನೆ. ‘ಗುಳಿಗೆ ತಾತ’ ಎಂದು ಹೆಸರಿಟ್ಟಿದ್ದಾರೆ. ಮೊನ್ನೆ ರೂಬೆನ್ ನನ್ನ ಪಕ್ಕ ಬಂದು ಕೂತು ಪೈಪು ಹಚ್ಚಿದ. ‘ಅವಳು ಗಾರೆ ಇದ್ದಂಗೆ ಮಾವ. ಗಟ್ಟಿಯಾಗೋಕೂ ಟೈಮ್ ತಗೊಳ್ತಾಳೆ, ಬಿಡೋಕೂ ತಗೊಳ್ತಾಳೆ. ಅವಸರ ಮಾಡಿದ್ರೆ ಬಿರುಕು ಬಿಡುತ್ತೆ’ ಅಂದ. ನಾನು ಅವಸರ ಮಾಡುತ್ತಿಲ್ಲ ಅಂದೆ. ‘ಮಾಡ್ತಿದೀರ. ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ’ ಅಂದ.

ಇವತ್ತು ಬೆಳಿಗ್ಗೆ ಹೊಸಿಲ ಮೇಲೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದೆ. ಥರ್ಜಾ ಎರಡು ಬಕೀಟು ಹಿಡಿದು ಒರತೆಯಿಂದ ನೀರು ತರಲು ಹೊರಟವಳು ನನ್ನ ಮುಂದೆ ನಿಂತಳು. ಆಮೇಲೆ ಬಕೀಟು ಕೆಳಗಿಟ್ಟು, ಬೆನ್ನಿನ ಗಂಟು ಬಿಚ್ಚಿ, ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ಚಾಕುವನ್ನು ನನ್ನ ಕೈಯಿಂದ ತೆಗೆದು ಮೇಲಿಟ್ಟಳು. ಮಗು ನೇರ ನನ್ನ ಕನ್ನಡಕಕ್ಕೆ ಕೈ ಹಾಕಿತು.

‘ಡಾರ್ಕಸ್’ ಅಂದಳು ಥರ್ಜಾ, ‘ತಾತನ ಕನ್ನಡಕ ಎಳೀಬಾರ್ದು.’

ನಿನ್ನ ಹೆಸರನ್ನೇ ಇಟ್ಟಿದ್ದಾಳೆ. ಅಕ್ಟೋಬರಿನಲ್ಲಿ, ಆ ಜ್ವರದಲ್ಲಿ, ನಮ್ಮ ಮನೆಯಿಂದ ಒಂದು ಮಾತೂ ಬರದಿದ್ದಾಗ.

ನಾನು ಏನಾದರೂ ಹೇಳುವ ಮೊದಲೇ ಅವಳು ಬಕೀಟು ಎತ್ತಿಕೊಂಡು ಇಳಿಜಾರಿನ ದಾರಿ ಹಿಡಿದಳು. ಒರತೆ ಕಾಲು ಮೈಲಿ ದೂರ. ಮಗುವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳು ಹೋಗುವುದನ್ನೇ ನೋಡುತ್ತಿದ್ದೆ. ನಾನು ಸರಿಯಾಗಿ ಹಿಡಿದಿದ್ದೇನೋ ಇಲ್ಲವೋ ಎಂದು ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ.

ನಿನ್ನ ಅಣ್ಣ,
ಅಮೋಸ್